‘ಅನುಮತಿಸಿ’ ಒತ್ತುವ ಮುನ್ನ

ಪುಟ್ಟಿ, ಬೆಂಗಳೂರಿನಲ್ಲಿ ಪಿಜಿ ಹುಡುಕಿದ್ದಾಯಿತು, ಸಂಬಳದ ಖಾತೆಯೂ ತೆರೆದಾಯಿತು. ರಾತ್ರಿ ತಡವಾದರೆ ಏನು ಮಾಡಬೇಕು, ಯಾರ ಹತ್ತಿರ ಎಷ್ಟು ಮಾತಾಡಬೇಕು ಎಂಬುದನ್ನೆಲ್ಲ ನಿನ್ನಮ್ಮ ಹೇಳಿಕೊಟ್ಟಿದ್ದಾಳೆ. ನಾನು ಹೇಳಬೇಕೆಂದಿರುವುದು ನಿನ್ನ ಫೋನು ಮತ್ತು ಲ್ಯಾಪ್‌ಟಾಪಿನ ವಿಷಯ. ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಸವೆಸಿದವನು ನಾನು. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ‘ಸಾರ್, ಖಾತೆಯಿಂದ ದುಡ್ಡು ತಾನಾಗೇ ಹೋಗಿದೆ’ ಎಂದು ಪಾಸ್‌ಬುಕ್ ಹಿಡಿದು ಬಂದವರನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಿದ್ದೇನೆ. ನಿಧಾನವಾಗಿ ಕೇಳುತ್ತ ಹೋದರೆ ಬಹಳಷ್ಟು ಕಥೆಗಳು ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದವು. ಎರಡು ದಿನದ ಹಿಂದೆಯೋ ವಾರದ ಹಿಂದೆಯೋ ಫೋನು ಏನನ್ನೋ ಕೇಳಿತ್ತು, ಅವರು ಹೂಂ ಅಂದಿದ್ದರು.

ಮಾಲ್‌ವೇರ್ ಅಂತೀರಲ್ಲ, ಆ ಕೇಡಿಗ ಸಾಫ್ಟ್‌ವೇರುಗಳಲ್ಲಿ ಹೆಚ್ಚಿನವು ನಮ್ಮ ಅಪ್ಪಣೆ ಪಡೆದೇ ಒಳಗೆ ಬರುತ್ತವೆ. ಯಾರೋ ಮಹಾ ಬುದ್ಧಿವಂತ ಕತ್ತಲೆ ಕೋಣೆಯಲ್ಲಿ ಕೂತು ನಿನ್ನ ಫೋನಿಗೇ ಗುರಿಯಿಟ್ಟು ಕನ್ನ ಕೊರೆಯುತ್ತಾನೆ ಎಂಬುದು ಹೆಚ್ಚಾಗಿ ಸಿನಿಮಾದವರ ಕಲ್ಪನೆ. ನಿಜವಾದ ಕಳ್ಳ ಸಾವಿರ ಜನಕ್ಕೆ ಒಂದೇ ಫೈಲು ಕಳಿಸುತ್ತಾನೆ, ಒತ್ತಿದವರು ಸಿಕ್ಕಿಬೀಳುತ್ತಾರೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಬ್ಬರಿಗೆ ಆದದ್ದನ್ನು ಹೇಳುತ್ತೇನೆ. ಲಗ್ನದ ದಿನಗಳು. ಅವರ ವಾಟ್ಸ್ಆಪ್‌ಗೆ ಒಂದು ಮದುವೆ ಆಮಂತ್ರಣ ಬಂತು. ಕಳಿಸಿದ್ದು ಅವರದೇ ಹಳೆಯ ಶಿಷ್ಯನ ನಂಬರಿನಿಂದ. ‘ತಪ್ಪದೇ ಬರಬೇಕು’ ಎಂಬ ಒಕ್ಕಣೆ. ಫೈಲಿನ ಹೆಸರು ‘ಮದುವೆ ಆಮಂತ್ರಣ’ ಎಂದು ಶುರುವಾಗಿ ‘ಡಾಟ್ ಎಪಿಕೆ’ ಎಂದು ಮುಗಿಯುತ್ತಿತ್ತು. ಫೋಟೊ ಆಗಿದ್ದರೆ ಮುಟ್ಟಿದ ಕೂಡಲೇ ತೆರೆದುಕೊಳ್ಳುತ್ತಿತ್ತು. ಇದು ತೆರೆದುಕೊಳ್ಳಲಿಲ್ಲ. ‘ಈ ಮೂಲದಿಂದ ಆ್ಯಪ್ ಸ್ಥಾಪಿಸಲು ಅನುಮತಿಸಬೇಕೇ?’ ಎಂದು ಫೋನೇ ಕೇಳಿತು. ಲಗ್ನಪತ್ರಿಕೆ ಓದುವುದಕ್ಕೆ ಆ್ಯಪ್ ಯಾಕೆ ಎಂದು ಮೇಷ್ಟ್ರಿಗೆ ಹೊಳೆಯಲಿಲ್ಲ, ಅನುಮತಿಸಿದರು. ಹಾನಿಕರ ಆಗಿರಬಹುದು ಎಂದು ಇನ್ನೊಂದು ಎಚ್ಚರಿಕೆ ಬಂತು, ‘ಆದರೂ ಸ್ಥಾಪಿಸಿ’ ಒತ್ತಿದರು. ಆಮೇಲೆ ಆ ಆ್ಯಪ್ ಎಸ್ಸೆಮ್ಮೆಸ್ ಓದುವ ಅಧಿಕಾರ ಕೇಳಿತು. ಅದನ್ನೂ ಕೊಟ್ಟರು. ಪತ್ರಿಕೆ ಮಾತ್ರ ಕಾಣಲೇ ಇಲ್ಲ. ಪರದೆಯ ಮೇಲಿದ್ದ ಆ್ಯಪ್‌ನ ಗುರುತೂ ಮಾಯವಾಯಿತು. ‘ಫೈಲು ಕೆಟ್ಟಿದೆ’ ಎಂದುಕೊಂಡು ಅವರು ಊಟಕ್ಕೆ ಎದ್ದರು.

ಫೋನು ಮೂರು ಸಲ ಕೇಳಿದೆ ನೋಡು. ಅದು ತನ್ನ ಕೆಲಸ ಸರಿಯಾಗೇ ಮಾಡಿತ್ತು. ಎಸ್ಸೆಮ್ಮೆಸ್ ಓದಲು ಬಿಟ್ಟರೆ ಬ್ಯಾಂಕಿನ ಒಟಿಪಿ ನಮ್ಮ ಕಣ್ಣಿಗೆ ಬೀಳುವ ಮೊದಲೇ ಇನ್ನೆಲ್ಲಿಗೋ ರವಾನೆಯಾಗುತ್ತದೆ. ಇದಕ್ಕಿಂತ ಅಪಾಯಕಾರಿಯಾದ ಅನುಮತಿ ಇನ್ನೊಂದಿದೆ, ‘ಆ್ಯಕ್ಸೆಸಿಬಿಲಿಟಿ’ ಎಂದು ಅದರ ಹೆಸರು. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲಿ ಎಂದು ಮಾಡಿದ ಸೌಕರ್ಯ ಅದು. ಕಳ್ಳ ಆ್ಯಪ್‌ಗೆ ಸಿಕ್ಕರೆ ನೀನು ಟೈಪ್ ಮಾಡಿದ್ದನ್ನು ಓದುತ್ತದೆ, ನಿನ್ನ ಪರವಾಗಿ ಬಟನ್ನುಗಳನ್ನೂ ಒತ್ತುತ್ತದೆ. ಯಾಕೆ ಬೇಕು ಎಂದು ನಿನಗೆ ಖಚಿತವಾಗಿ ಗೊತ್ತಿಲ್ಲದ ಯಾವ ಆ್ಯಪ್‌ಗೂ ಅದನ್ನು ಕೊಡಬೇಡ. ಮದುವೆ ಪತ್ರಿಕೆಯ ವೇಷದಲ್ಲಿ ಬರುವುದೇ ಟ್ರಾಫಿಕ್ ದಂಡದ ಚಲನ್ ಆಗಿ ಬರುತ್ತದೆ, ಬ್ಯಾಂಕಿನ ಕೆವೈಸಿ ಆಗಿ ಬರುತ್ತದೆ, ಪಿಎಂ ಕಿಸಾನ್ ಕಂತಿನ ಪಟ್ಟಿಯಾಗಿ ರೈತರ ಗುಂಪುಗಳಲ್ಲಿ ಓಡಾಡುತ್ತದೆ. ಯಾವ ಬ್ಯಾಂಕೂ ವಾಟ್ಸ್ಆಪ್‌ನಲ್ಲಿ ಎಪಿಕೆ ಕಳಿಸುವುದಿಲ್ಲ. ಇದನ್ನು ಬ್ಯಾಂಕಿನವನಾಗಿಯೇ ಹೇಳುತ್ತಿದ್ದೇನೆ.

ಪರಿಚಿತರ ನಂಬರು ಎಂಬ ಧೈರ್ಯವೂ ಬೇಡ. ಶಿಷ್ಯನ ಫೋನು ಮೊದಲೇ ಕಳ್ಳರ ಕೈಗೆ ಹೋಗಿತ್ತು. ಮೇಷ್ಟ್ರ ಫೋನಿನಿಂದಲೂ ಅದೇ ಪತ್ರಿಕೆ ಅವರ ನಂಟರಿಗೆಲ್ಲ ಹೋಯಿತು.

ಈ ಉಪಾಯ ಹೊಸದೇನಲ್ಲ. 2000ನೇ ಇಸವಿ ಮೇ 4ರಂದು ಫಿಲಿಪ್ಪೀನ್ಸ್‌ನ ಮನಿಲಾದಿಂದ ‘ಐ ಲವ್ ಯೂ’ ಎಂಬ ತಲೆಬರಹದ ಈಮೇಲ್ ಹೊರಟು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳಿಗೆ ನುಗ್ಗಿತು. ಜೊತೆಗೊಂದು ಪ್ರೇಮಪತ್ರ. ಹೆಸರು ಓದಿದರೆ ಸಾದಾ ಅಕ್ಷರದ ಫೈಲು. ಅದರ ತುದಿಯಲ್ಲಿ ‘ಡಾಟ್ ವಿಬಿಎಸ್’ ಎಂಬ ಬಾಲವಿತ್ತು, ಅಂದರೆ ಅದೊಂದು ಪ್ರೋಗ್ರಾಮು. ವಿಂಡೋಸ್ ಆ ಬಾಲವನ್ನು ತಾನಾಗಿಯೇ ಮುಚ್ಚಿಡುತ್ತಿತ್ತು. ತೆರೆದವರ ಫೋಟೊಗಳು ಹಾಳಾದವು, ಹಾಡುಗಳು ಕಾಣದಂತಾದವು. ಅವರ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ಅವರ ಹೆಸರಿನಲ್ಲೇ ಅದು ಮತ್ತೆ ಹೋಯಿತು. ಬ್ರಿಟನ್ನಿನ ಸಂಸತ್ತು ತನ್ನ ಈಮೇಲ್ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಬರೆದವನು ಒಬ್ಬ ಕಾಲೇಜು ಹುಡುಗ. ಅವನ ದೇಶದಲ್ಲಿ ಆಗ ಇದಕ್ಕೆ ಕಾನೂನೇ ಇರಲಿಲ್ಲವಾದ್ದರಿಂದ ಶಿಕ್ಷೆಯಾಗಲಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಅದೇ ವರ್ಷ ಅಕ್ಟೋಬರ್ 17ರಂದು ಜಾರಿಗೆ ಬಂತು. ಇಪ್ಪತ್ತೈದು ವರ್ಷದ ನಂತರವೂ ಕೆಲಸ ಮಾಡುತ್ತಿರುವುದು ಅದೇ ತಂತ್ರ: ಪರಿಚಿತರ ಹೆಸರು, ಪ್ರೀತಿಯ ನೆಪ, ಫೈಲಿನ ಬಾಲದಲ್ಲಿ ಮೋಸ. ಆದ್ದರಿಂದ ಹೆಸರಿನ ಕೊನೆ ನೋಡುವ ಅಭ್ಯಾಸ ಮಾಡಿಕೋ. ಫೋನಿನಲ್ಲಿ ಎಪಿಕೆ, ಲ್ಯಾಪ್‌ಟಾಪಿನಲ್ಲಿ ಇಎಕ್ಸ್‌ಇ, ವಿಬಿಎಸ್, ಜೆಎಸ್, ಎಲ್‌ಎನ್‌ಕೆ ಎಂದು ಮುಗಿಯುವುದು ಪತ್ರವೂ ಅಲ್ಲ, ಚಿತ್ರವೂ ಅಲ್ಲ. ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಇಟ್ಟುಕೊಳ್ಳುವ ಸೆಟ್ಟಿಂಗ್ ಇದೆ, ಇವತ್ತೇ ಹಾಕಿಕೋ.

ಮಾಲ್‌ವೇರ್‌ನ ಪಂಗಡಗಳ ಪಟ್ಟಿ ನಿನಗೆ ಬೇಕಿಲ್ಲ. ವೈರಸ್ ಇನ್ನೊಂದು ಫೈಲಿಗೆ ಅಂಟಿಕೊಂಡು ಹರಡುತ್ತದೆ. ವರ್ಮ್‌ಗೆ ಯಾರೂ ಒತ್ತುವುದು ಬೇಕಿಲ್ಲ, ನೆಟ್‌ವರ್ಕಿನಲ್ಲಿ ತಾನೇ ಹರಿದು ಹೋಗುತ್ತದೆ. ಒಳ್ಳೆಯ ವೇಷ ಹಾಕಿ ಬರುವುದು ಟ್ರೋಜನ್, ಮೇಷ್ಟ್ರಿಗೆ ಬಂದದ್ದು ಇದೇ. ಆದರೆ ಎರಡನ್ನು ಮಾತ್ರ ನೀನು ಚೆನ್ನಾಗಿ ತಿಳಿದಿರಬೇಕು, ಯಾಕೆಂದರೆ ಕೆಲಸಕ್ಕೆ ಸೇರಿದವರನ್ನು ಕಾಡುವುದು ಅವೇ.

ಒಂದು, ರ‍್ಯಾನ್ಸಮ್‌ವೇರ್. ಫೈಲುಗಳನ್ನು ಕದ್ದೊಯ್ಯದೆ ಇದ್ದಲ್ಲೇ ಬೀಗ ಹಾಕಿ, ಬೀಗದ ಕೈಗೆ ದುಡ್ಡು ಕೇಳುತ್ತದೆ. ಈಗೀಗ ಒಂದು ಪ್ರತಿ ಕದ್ದಿಟ್ಟುಕೊಂಡು ಬಯಲು ಮಾಡುತ್ತೇವೆ ಎಂದೂ ಹೆದರಿಸುತ್ತಾರೆ. 2022ರ ನವೆಂಬರ್ 23ರ ಬೆಳಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಹೀಗಾಯಿತು. ಐದು ಸರ್ವರ್, ಸುಮಾರು 1.3 ಟೆರಾಬೈಟ್ ಮಾಹಿತಿ ಬೀಗದೊಳಗೆ ಹೋಯಿತು ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ದೇಶದ ಮೂಲೆಮೂಲೆಯಿಂದ ಬಂದ ರೋಗಿಗಳ ಚೀಟಿ, ರಕ್ತಪರೀಕ್ಷೆಯ ವರದಿ ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲಿ ಬರೆದರು. ಆ ಸಾಲಿನಲ್ಲಿ ಮಗುವನ್ನೆತ್ತಿಕೊಂಡು ನಿಂತವರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. 2024ರ ಜುಲೈ ಕೊನೆಗೆ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಂಸ್ಥೆಯೊಂದಕ್ಕೆ ಇದೇ ಆಗಿ, ಮುನ್ನೂರರಷ್ಟು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತುಹೋಯಿತು.

ಇದಕ್ಕೆ ಮದ್ದು ಎರಡೇ. ಅಪ್‌ಡೇಟ್ ಬಂದಾಗ ಮುಂದಕ್ಕೆ ಹಾಕಬೇಡ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ರ‍್ಯಾನ್ಸಮ್‌ವೇರ್ ನೂರೈವತ್ತು ದೇಶಗಳಿಗೆ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳನ್ನು ವಾಪಸ್ ಕಳಿಸುವ ಸ್ಥಿತಿ ತಂತು. ಅದು ನುಗ್ಗಿದ ತೂತನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಮುಚ್ಚಿ ಅಪ್‌ಡೇಟ್ ಕೊಟ್ಟಿತ್ತು. ಎರಡು ತಿಂಗಳು ‘ನಾಳೆ ಮಾಡೋಣ’ ಎಂದವರು ಸಿಕ್ಕಿಬಿದ್ದರು. ನೀನು ಕಾಲೇಜಿನಿಂದ ಬಳಸುತ್ತಿರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದ್ದರೆ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೊದಲ ಸಂಬಳದಲ್ಲಿ ಸೀರೆ ತರದಿದ್ದರೆ ನಿನ್ನಮ್ಮ ಬೇಜಾರು ಮಾಡಿಕೊಳ್ಳುವುದಿಲ್ಲ, ಮೊದಲು ಅದಕ್ಕೊಂದು ದಾರಿ ಮಾಡು.

ಎರಡನೆಯದು ಬ್ಯಾಕಪ್. ಮುಖ್ಯವಾದದ್ದರ ಪ್ರತಿ ಇನ್ನೆರಡು ಕಡೆ ಇರಲಿ, ಅದರಲ್ಲೊಂದು ಲ್ಯಾಪ್‌ಟಾಪಿಗೆ ಸಿಕ್ಕಿಸದೇ ಬೇರೆ ಇರಲಿ. ನಿನ್ನಜ್ಜ ಬಿತ್ತನೆಯ ಕಾಳನ್ನು ಉಣ್ಣುವ ಕಾಳಿನ ಚೀಲದ ಪಕ್ಕದಲ್ಲಿ ಎಂದೂ ಇಡುತ್ತಿರಲಿಲ್ಲ, ಒಂದಕ್ಕೆ ಹುಳ ಹಿಡಿದರೆ ಇನ್ನೊಂದಾದರೂ ಉಳಿಯಲಿ ಎಂದು. ಹಾರ್ಡ್ ಡಿಸ್ಕನ್ನು ಸದಾ ಸಿಕ್ಕಿಸಿಟ್ಟರೆ ಅದಕ್ಕೂ ಬೀಗ ಬೀಳುತ್ತದೆ. ಕೇಳಿದ ದುಡ್ಡು ಕೊಟ್ಟರೂ ಫೈಲು ಸಿಗುತ್ತದೆ ಎಂಬ ಖಾತರಿ ಇಲ್ಲ. ಡಚ್ ಪೊಲೀಸರು, ಯೂರೋಪೋಲ್ ಮತ್ತಿತರರು 2016ರಲ್ಲಿ ಶುರು ಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬೀಗಗಳಿಗೆ ಉಚಿತ ಕೀಲಿ ಇದೆ, ಮೊದಲು ಅಲ್ಲಿ ನೋಡಬೇಕು.

ತಿಳಿದಿರಬೇಕು ಎಂದ ಎರಡರಲ್ಲಿ ಇನ್ನೊಂದು ಇನ್ಫೋಸ್ಟೀಲರ್. ಇದು ಸದ್ದು ಮಾಡುವುದಿಲ್ಲ, ಪರದೆಯ ಮೇಲೆ ಏನೂ ಬರುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಲಾಗಿನ್ ಆಗಿರುವ ಗುರುತು, ಕಾರ್ಡಿನ ವಿವರ ಎಲ್ಲವನ್ನೂ ಕೆಲವೇ ನಿಮಿಷದಲ್ಲಿ ಗೋರಿಕೊಂಡು ಹೋಗುತ್ತದೆ. ‘ಲುಮ್ಮಾ’ ಎಂಬ ಒಂದೇ ಇನ್ಫೋಸ್ಟೀಲರ್ 2025ರ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗಿನ ಎರಡು ತಿಂಗಳಲ್ಲಿ 3,94,000 ವಿಂಡೋಸ್ ಕಂಪ್ಯೂಟರುಗಳಲ್ಲಿ ಸಿಕ್ಕಿತು ಎಂದು ಮೈಕ್ರೋಸಾಫ್ಟ್ ಹೇಳಿದೆ. ಇದು ಬರುವ ದಾರಿ ನಿಮ್ಮ ವಯಸ್ಸಿನವರಿಗೆ ಚೆನ್ನಾಗಿ ಗೊತ್ತು: ಫೋಟೊಶಾಪ್‌ನ ಕ್ರ್ಯಾಕ್, ಪುಕ್ಕಟೆ ಗೇಮ್, ಪೈರೇಟೆಡ್ ಸಿನಿಮಾದ ಲಿಂಕ್. ಕ್ರ್ಯಾಕ್ ಹಾಕುವ ಮುಂಚೆ ‘ಆ್ಯಂಟಿವೈರಸ್ ಆಫ್ ಮಾಡಿ’ ಎಂದು ಬರೆದಿರುತ್ತದಲ್ಲ, ಅದನ್ನು ಓದಿಯೂ ಮುಂದುವರಿಯುವವರನ್ನು ಕಂಡು ನನಗೆ ನಿಜಕ್ಕೂ ನೋವಾಗುತ್ತದೆ. ಲಿಬ್ರೆ ಆಫೀಸ್, ಗಿಂಪ್‌ನಂಥ ಒಳ್ಳೆಯ ಸಾಫ್ಟ್‌ವೇರುಗಳು ಪುಕ್ಕಟೆ ಸಿಗುವಾಗ ಕದ್ದದ್ದರ ಹಿಂದೆ ಯಾಕೆ ಹೋಗಬೇಕು?

ಹೊಸದೊಂದು ಬಗೆಯನ್ನು ಗಮನಿಸು. ಯಾವುದೋ ತಾಣದಲ್ಲಿ ‘ನೀವು ರೋಬೋಟ್ ಅಲ್ಲ ಎಂದು ಖಚಿತಪಡಿಸಿ’ ಎಂದು ಬರುತ್ತದೆ. ಕೆಳಗೆ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್-ವಿ, ಆಮೇಲೆ ಎಂಟರ್ ಎಂಬ ಸೂಚನೆ. ಹಾಗೆ ಮಾಡಿದೆಯೋ, ಕಳ್ಳನ ಆಜ್ಞೆಯನ್ನು ನಿನ್ನ ಬೆರಳಿನಿಂದಲೇ ಕಂಪ್ಯೂಟರಿಗೆ ಬರೆದುಕೊಟ್ಟಂತಾಯಿತು. ನಿಜವಾದ ಪರೀಕ್ಷೆ ಚಿತ್ರ ಆರಿಸಲು ಹೇಳೀತು, ಕೀಲಿಮಣೆಯಲ್ಲಿ ಆಜ್ಞೆ ಹಾಕಲು ಎಂದೂ ಹೇಳುವುದಿಲ್ಲ.

ಆಫೀಸಿನ ಲ್ಯಾಪ್‌ಟಾಪ್ ಆಫೀಸಿನ ಕೆಲಸಕ್ಕೆ ಮಾತ್ರ. ‘ಪಾರ್ಟ್ ಟೈಮ್ ಕೆಲಸ ಇದೆ, ಈ ಫೈಲು ತೆರೆದು ನೋಡಿ’ ಎಂಬ ಆಹ್ವಾನಗಳು ನಿಮಗೆ ದಿನಾ ಬರುತ್ತವೆ. 2025ರ ಜುಲೈನಲ್ಲಿ ಕ್ರಿಪ್ಟೊ ವಿನಿಮಯ ಸಂಸ್ಥೆಯೊಂದರಿಂದ ಸುಮಾರು 44 ಮಿಲಿಯನ್ ಡಾಲರ್ ಕಳುವಾದಾಗ, ಉದ್ಯೋಗಿಯೊಬ್ಬರು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಹೊರಗಿನವರ ಕೆಲಸ ಮಾಡಿಕೊಟ್ಟದ್ದರ ಮೂಲಕವೇ ಕಳ್ಳರು ಒಳಬಂದಿರಬಹುದು ಎಂದು ಬೆಂಗಳೂರು ಪೊಲೀಸರು ಶಂಕಿಸಿದರು.

ಈಮೇಲ್ ಖಾತೆಗೆ ಮೊದಲು ಎರಡು ಹಂತದ ದೃಢೀಕರಣ ಹಾಕು. ಅದು ಹೋದರೆ ಬೇರೆಲ್ಲ ಪಾಸ್‌ವರ್ಡ್‌ಗಳನ್ನೂ ಅದರ ಮೂಲಕವೇ ಬದಲಿಸಿಬಿಡುತ್ತಾರೆ. ‘ನಿಮ್ಮ ಫೋನಿನಲ್ಲಿ ವೈರಸ್ ಇದೆ, ತಕ್ಷಣ ಒತ್ತಿ’ ಎಂದು ಮಿನುಗುವ ಜಾಹೀರಾತು ತಾನೇ ಬಲೆ, ಮುಚ್ಚಿಬಿಡು. ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಮಾನ್ಯ ಬಳಕೆಗೆ ಸಾಕು. ಅನುಮಾನ ಬಂದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಶುದ್ಧಿ ಮಾಡುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಹೆಣ್ಣುಮಗಳಿಗೆ ಹೇಳಲೇಬೇಕಾದ ಇನ್ನೊಂದು ಮಾತು. ಫೋನಿನಲ್ಲಿ ಗುಟ್ಟಾಗಿ ಕೂತು, ಎಲ್ಲಿದ್ದೀಯ, ಯಾರ ಜೊತೆ ಮಾತಾಡಿದೆ ಎಂದು ವರದಿ ಒಪ್ಪಿಸುವ ಆ್ಯಪ್‌ಗಳಿವೆ. ಅವನ್ನು ಹಾಕುವವರು ಸಾಮಾನ್ಯವಾಗಿ ಫೋನು ಕೈಗೆ ಸಿಗುವಷ್ಟು ಹತ್ತಿರದವರು. ಪ್ರೀತಿ ಇದ್ದರೆ ಪಾಸ್‌ವರ್ಡ್ ಕೊಡು ಎಂದು ಯಾರಾದರೂ ಕೇಳಿದರೆ ಕೊಡಬೇಕಾಗಿಲ್ಲ. ವಾಟ್ಸ್ಆಪ್‌ನ ‘ಲಿಂಕ್ಡ್ ಡಿವೈಸಸ್’ ಪಟ್ಟಿಯನ್ನು ಆಗಾಗ ತೆಗೆದು ನೋಡು. ಗೊತ್ತಿಲ್ಲದ ಸಾಧನ ಕಂಡರೆ ಅಲ್ಲೇ ತೆಗೆದುಹಾಕು.

ಇಷ್ಟೆಲ್ಲ ಗೊತ್ತಿದ್ದೂ ಒಂದು ದಿನ ಆತುರದಲ್ಲಿ ಒತ್ತಿಬಿಡಬಹುದು. ಮೇಷ್ಟ್ರ ಮನೆಯಲ್ಲಿ ನನ್ನ ಕರುಳು ಹಿಂಡಿದ್ದು ದುಡ್ಡು ಹೋದದ್ದಕ್ಕಿಂತ ಹೆಚ್ಚಾಗಿ ಅವರು ಎರಡು ದಿನ ಯಾರಿಗೂ ಹೇಳದೆ ಕೂತದ್ದು. ‘ಓದಿದವನು ನಾನು, ಮಕ್ಕಳು ಏನಂದಾರು’ ಎಂಬ ನಾಚಿಕೆ. ಕದ್ದ ಹಣ ಒಂದು ಬಾಡಿಗೆ ಖಾತೆಗೆ ಹೋಗಿ, ಅಲ್ಲಿಂದ ನಾಲ್ಕಾರು ಖಾತೆಗೆ ಚೂರಾಗಿ, ಕೊನೆಗೆ ಎಟಿಎಂನಿಂದ ಹೊರಬೀಳುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಆ ಸರಪಳಿಯ ಬ್ಯಾಂಕುಗಳಿಗೆ ಸೂಚನೆ ಹೋಗಿ, ಇನ್ನೂ ಹೊರಬೀಳದ ಹಣವನ್ನು ಅಲ್ಲಲ್ಲೇ ತಡೆಹಿಡಿಯಬಹುದು. ಮೊದಲ ಗಂಟೆಯಲ್ಲಿ ಹೇಳಿದರೆ ಏನಾದರೂ ಉಳಿದೀತು, ಎರಡು ದಿನ ಬಿಟ್ಟು ಹೇಳಿದರೆ ಕಷ್ಟ. ಮೇಷ್ಟ್ರ ಹಣ ವಾಪಸ್ ಬರಲಿಲ್ಲ.

ಹಾಗಾಗಿ, ಒತ್ತಿದ ಕ್ಷಣ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಆರಿಸು. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ, ಕಾರ್ಡು, ಯುಪಿಐ ನಿಲ್ಲಿಸು. ಮರುಕ್ಷಣ 1930. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ದಾಖಲಿಸಬಹುದು, ನಮ್ಮ ರಾಜ್ಯದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗಳೂ ಇವೆ. ಬಂದ ಮೆಸೇಜನ್ನು ಅಳಿಸಬೇಡ, ಅದು ಸಾಕ್ಷಿ. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಮಾಡು. ಕರೆಗಳನ್ನು ಗುಟ್ಟಾಗಿ ಬೇರೆ ನಂಬರಿಗೆ ತಿರುಗಿಸಿರುವ ಸಾಧ್ಯತೆಯೂ ಇದೆ. ನಿನ್ನ ಫೋನನ್ನು ಏರೋಪ್ಲೇನ್ ಮೋಡ್‌ನಿಂದ ಹೊರತಂದಾಗ ##002# ಒತ್ತಿದರೆ ಅದು ರದ್ದಾಗುತ್ತದೆ. ಆಫೀಸಿನ ಲ್ಯಾಪ್‌ಟಾಪಾದರೆ ಬೈಸಿಕೊಂಡರೂ ಸರಿ, ಅದೇ ನಿಮಿಷ ಐಟಿಯವರಿಗೆ ಹೇಳು. ನನಗೂ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ. ಯಾಕೆ ಒತ್ತಿದೆ ಎಂದು ನಾನು ಕೇಳುವುದಿಲ್ಲ.

ದೀಪಾವಳಿಗೆ ಊರಿಗೆ ಬಂದಾಗ ಅಮ್ಮನ ಫೋನನ್ನೂ ಅಜ್ಜಿಯ ಫೋನನ್ನೂ ಅರ್ಧ ಗಂಟೆ ಕೈಗೆ ತಗೋ. ‘ಅಜ್ಞಾತ ಆ್ಯಪ್‌ಗಳನ್ನು ಸ್ಥಾಪಿಸಿ’ ಎಂಬ ಸೆಟ್ಟಿಂಗ್‌ನಲ್ಲಿ ವಾಟ್ಸ್ಆಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ತೆಗೆದುಹಾಕಿ, 1930 ಅನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಕೊಡು.