ಬೆಕ್ಕಿಗೆ ಸ್ನಾನ ಮಾಡಿಸುವ ಮುನ್ನ

ಮಕ್ಕಳೇ,

ಮಂಗಳೂರಿನ ಫಳ್ನೀರ್ ರಸ್ತೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಮಿಲಾಗ್ರಿಸ್ ಇಗರ್ಜಿಯ ಕಡೆಯಿಂದ ಕಂಕನಾಡಿಯತ್ತ ಸಾಗುವ ರಸ್ತೆ ಅದು. ಆ ಬದಿಯ ಮನೆಯೊಂದರಲ್ಲಿ ನೀವಿದ್ದೀರಿ ಎಂದುಕೊಳ್ಳಿ. ಜುಲೈ ತಿಂಗಳು, ಹೊರಗೆ ಜೋರು ಮಳೆ. ನಿಮ್ಮ ಮನೆಯ ಬೆಕ್ಕು (ತುಳುವಿನಲ್ಲಿ ಪುಚ್ಚೆ, ಕೊಂಕಣಿಯಲ್ಲಿ ಮಾಜರ್) ಮಳೆಗೆ ಹೆದರಿ ನಿಂತ ಕಾರಿನ ಅಡಿಗೆ ನುಗ್ಗಿತು. ಹೊರಬಂದಾಗ ಅದರ ಬೆನ್ನಿಗೆಲ್ಲ ಕರಿ ಆಯಿಲ್ ಮೆತ್ತಿತ್ತು.

ನೀವು ಬಚ್ಚಲುಮನೆಗೆ ಓಡುತ್ತೀರಿ. ಅಲ್ಲಿ ಮೈಸೋಪು ಇದೆ, ಬಟ್ಟೆ ತೊಳೆಯುವ ಪುಡಿ ಇದೆ, ನೆಲ ಒರೆಸುವ ಫಿನಾಯಿಲ್ ಇದೆ, ಗಾಯ ತೊಳೆಯುವ ನಂಜುನಿರೋಧಕ ದ್ರವ ಇದೆ, ಪುಟ್ಟ ತಂಗಿಯ ಬೇಬಿ ಶಾಂಪೂ ಮತ್ತು ಪೌಡರು ಇವೆ. ಯಾವುದನ್ನು ಕೈಗೆತ್ತಿಕೊಳ್ಳುವಿರಿ?

ನಾನು ಐದನೆಯ ತರಗತಿಯಲ್ಲಿದ್ದಾಗ ನಂಜುನಿರೋಧಕ ದ್ರವವನ್ನು ಆರಿಸಿಕೊಂಡಿದ್ದೆ. ನಮ್ಮ ಬೆಕ್ಕಿನ ಮೈಯಲ್ಲಿ ಚಿಗಟಗಳಿದ್ದವು. ಆಸ್ಪತ್ರೆಯಲ್ಲಿ ಬಳಸುವ ವಸ್ತು, ಹಾಗಾಗಿ ಒಳ್ಳೆಯದೇ ಇರಬೇಕು ಎಂದುಕೊಂಡು ಬಾಲ್ದಿ ನೀರಿಗೆ ಧಾರಾಳವಾಗಿ ಸುರಿದೆ. ಸ್ನಾನವಾದ ಮೇಲೆ ಬೆಕ್ಕು ಒಲೆಯ ಬಳಿ ಕುಳಿತು ಮೈ ನೆಕ್ಕಿಕೊಂಡಿತು. ರಾತ್ರಿಯಾಗುವಷ್ಟರಲ್ಲಿ ಅದರ ಬಾಯಿಂದ ಜೊಲ್ಲು ಸುರಿಯತೊಡಗಿತು, ಕಾಲು ನಡುಗಿತು. ಮೂರನೆಯ ದಿನ ಅದು ಉಳಿಯಲಿಲ್ಲ. ಹಾವು ಕಚ್ಚಿರಬೇಕು ಎಂದು ಮನೆಯವರು ಹೇಳಿದರು. ನಾನೂ ನಂಬಿದೆ. ನಿಜವಾದ ಕಾರಣ ನನಗೆ ತಿಳಿದದ್ದು ಎಂ.ಎಸ್ಸಿ. ಓದುವಾಗ. ನಿಮಗೆ ಅದು ಈಗಲೇ ತಿಳಿದಿರಲಿ ಎಂದು ಈ ಪಾಠ.

ನಾಲಿಗೆಯೇ ಬಾಚಣಿಗೆ

ಬೆಕ್ಕನ್ನು ಗಮನಿಸಿ. ಎಚ್ಚರವಾಗಿರುವಾಗ ಬಹಳ ಹೊತ್ತು ಅದು ಮೈ ನೆಕ್ಕುತ್ತಲೇ ಇರುತ್ತದೆ. ಅದು ನಿಮ್ಮ ಕೈ ನೆಕ್ಕಿದರೆ ಉಪ್ಪುಕಾಗದದಿಂದ ಉಜ್ಜಿದಂತೆ ಒರಟಾಗಿರುತ್ತದೆ. ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ನೂರಾರು ಚಿಕ್ಕ ಮುಳ್ಳುಗಳಿರುವುದೇ ಇದಕ್ಕೆ ಕಾರಣ. ನಮ್ಮ ಉಗುರಿನಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಈ ಮುಳ್ಳುಗಳಲ್ಲಿಯೂ ಇದೆ. 2018ರಲ್ಲಿ ಅಮೆರಿಕದ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ಎಂಬ ವಿಜ್ಞಾನಿಗಳು ಈ ಮುಳ್ಳುಗಳ ತುದಿಯಲ್ಲಿ ಸೌಟಿನಂಥ ಟೊಳ್ಳು ಇರುವುದನ್ನು ತೋರಿಸಿದರು. ಬಾಯಿಯ ಜೊಲ್ಲನ್ನು ಆ ಟೊಳ್ಳು ಹೀರಿ, ಕೂದಲಿನ ಬುಡದವರೆಗೆ ಒಯ್ಯುತ್ತದೆ.

ಹೀಗಾಗಿ ಆರೋಗ್ಯವಂತ ಬೆಕ್ಕಿಗೆ ಸಾಮಾನ್ಯವಾಗಿ ನಾವು ಸ್ನಾನ ಮಾಡಿಸಬೇಕಾಗಿಯೇ ಇಲ್ಲ. ಆದರೆ ಇನ್ನೊಂದು ಮಾತನ್ನೂ ನೆನಪಿಡಿ. ಮುಳ್ಳುಗಳು ಒಳಮುಖವಾಗಿರುವುದರಿಂದ ನಾಲಿಗೆಗೆ ಸಿಕ್ಕಿದ್ದರಲ್ಲಿ ಹೆಚ್ಚಿನದು ಹೊಟ್ಟೆಗೇ ಹೋಗುತ್ತದೆ. ಬೆಕ್ಕಿನ ಮೈಗೆ ಹಚ್ಚಿದ್ದು ಎಂದರೆ ಬೆಕ್ಕಿಗೆ ತಿನ್ನಿಸಿದ್ದು ಎಂದೇ ಅರ್ಥ.

ಬೆಕ್ಕಿನ ಯಕೃತ್ತಿಗೆ ಬಾರದ ಒಂದು ಕೆಲಸ

ನಮ್ಮ ದೇಹಕ್ಕೆ ವಿಷವಸ್ತು ಸೇರಿದರೆ ಅದನ್ನು ಹೊರಹಾಕಲು ಯಕೃತ್ತು ನೆರವಾಗುತ್ತದೆ. ಅದರಲ್ಲಿರುವ ಕೆಲವು ಕಿಣ್ವಗಳು ವಿಷದ ಕಣಕ್ಕೆ ಸಕ್ಕರೆಯ ಜಾತಿಯ ಒಂದು ಆಮ್ಲವನ್ನು ಅಂಟಿಸುತ್ತವೆ. ಆಗ ಆ ಕಣ ನೀರಿನಲ್ಲಿ ಸುಲಭವಾಗಿ ಕರಗಿ ಮೂತ್ರದ ಮೂಲಕ ಹೊರಹೋಗುತ್ತದೆ. ಫಿನಾಲ್ ಗುಂಪಿನ ವಸ್ತುಗಳನ್ನು ನಾವು ಹೀಗೆ ಹೊರಹಾಕುತ್ತೇವೆ.

ಬೆಕ್ಕಿನಲ್ಲಿ ಈ ಕೆಲಸದ ಒಂದು ಮುಖ್ಯ ಕಿಣ್ವವೇ ತಯಾರಾಗುವುದಿಲ್ಲ. ಆ ಕಿಣ್ವವನ್ನು ಕಟ್ಟಬೇಕಾದ ಜೀನ್ ಕೆಟ್ಟುಹೋಗಿದೆ. ಬೆಕ್ಕಿನ ದೊಡ್ಡ ನೆಂಟರಾದ ಹುಲಿ, ಸಿಂಹಗಳ ಕಥೆಯೂ ಇದೇ. ಮಂಗಳೂರಿನ ಪಿಲಿಕುಳಕ್ಕೆ ಪ್ರವಾಸ ಹೋದಾಗ ಅಲ್ಲಿನ ಹುಲಿಯನ್ನು ನೋಡಿ ಇದನ್ನು ನೆನಪಿಸಿಕೊಳ್ಳಿ. ಮಾಂಸವನ್ನೇ ತಿನ್ನುವ ಈ ಕುಟುಂಬದ ಪೂರ್ವಜರ ಹೊಟ್ಟೆಗೆ ಸಸ್ಯಗಳ ವಿಷ ಸೇರುವುದು ಕಡಿಮೆ ಇತ್ತು. ಆದ್ದರಿಂದ ಆ ಜೀನ್ ಕೆಟ್ಟರೂ ಅವು ಬದುಕಿ ಉಳಿದವು ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ಕಾಡಿನಲ್ಲಿ ತೊಂದರೆ ಕೊಡದ ಈ ಕೊರತೆ ನಮ್ಮ ಮನೆಯೊಳಗೆ ಅಪಾಯ ತರುತ್ತದೆ. ಫಿನಾಯಿಲ್‌ಗಳಲ್ಲಿ, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ನಂಜುನಿರೋಧಕ ದ್ರವಗಳಲ್ಲಿ ಹಲವು ಬಾರಿ ಫಿನಾಲ್ ಗುಂಪಿನ ವಸ್ತುಗಳಿರುತ್ತವೆ. ಬಾಟಲಿಯ ಮೇಲೆ ಕ್ಲೋರೋಕ್ಸಿಲೆನಾಲ್ ಎಂಬ ಹೆಸರಿದ್ದರೆ ಅದೂ ಇದೇ ಗುಂಪಿನದು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯೂ ಇದೇ ಕಾರಣಕ್ಕೆ ಬೆಕ್ಕಿಗೆ ಮಾರಕ. ಒಂದೇ ಮಾತ್ರೆ ಅದರ ಜೀವ ತೆಗೆಯಬಹುದು.

ಬಚ್ಚಲುಮನೆಯ ವಸ್ತುಗಳನ್ನು ಪರಿಶೀಲಿಸೋಣ

ಎಂದಿಗೂ ಬಳಸಬಾರದವು: ಫಿನಾಯಿಲ್, ನಂಜುನಿರೋಧಕ ದ್ರವ, ಬ್ಲೀಚಿಂಗ್ ಪುಡಿ, ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್, ನೀಲಗಿರಿ ಎಣ್ಣೆ, ಕರ್ಪೂರ. ನಾಯಿಯ ಚಿಗಟಕ್ಕೆ ತಂದ ಔಷಧವನ್ನೂ ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ನಾಯಿಗೆ ಏನೂ ಆಗದಿರಬಹುದು, ಆದರೆ ಬೆಕ್ಕು ಸಾಯಬಹುದು.

ಮೈಸೋಪು, ಬಟ್ಟೆಯ ಸೋಪು: ಇವು ಪ್ರತ್ಯಾಮ್ಲೀಯ. ಚರ್ಮವನ್ನು ಒಣಗಿಸಿ ತುರಿಕೆ ತರುತ್ತವೆ.

ಬೇಬಿ ಶಾಂಪೂ: ಬೆಕ್ಕಿನ ಶಾಂಪೂ ಇಲ್ಲದಾಗ, ಅನಿವಾರ್ಯವಾದರೆ, ಪರಿಮಳವಿಲ್ಲದ ಸೌಮ್ಯ ಶಾಂಪೂವಿನ ಕೆಲವು ಹನಿಗಳನ್ನು ನೀರಿನಲ್ಲಿ ಕಲಸಿ ಬಳಸಬಹುದು. ಆದರೆ ಒಂದು ಹನಿಯೂ ಉಳಿಯದಂತೆ ತೊಳೆಯಬೇಕು. ಮಗು ತನ್ನ ತಲೆಯನ್ನು ತಾನೇ ನೆಕ್ಕುವುದಿಲ್ಲ, ಬೆಕ್ಕು ನೆಕ್ಕುತ್ತದೆ.

ಬೇಬಿ ಪೌಡರು, ಎಣ್ಣೆ, ಕ್ರೀಮು: ಬೇಡ. ಪೌಡರಿನ ದೂಳು ಶ್ವಾಸಕೋಶಕ್ಕೆ ಸೇರುತ್ತದೆ. ಮಗುವಿನ ತೊಡೆಗೆ ಹಚ್ಚುವ ಬಿಳಿ ಕ್ರೀಮಿನಲ್ಲಿ ಸತುವಿನ ಆಕ್ಸೈಡ್ ಇರಬಹುದು. ಅದು ಹೊಟ್ಟೆಗೆ ಹೋಗಬಾರದು.

ಒದ್ದೆ ಬಟ್ಟೆ: ಎಲ್ಲಕ್ಕಿಂತ ಒಳ್ಳೆಯದು ಇದೇ. ಹಳೆಯ ಬನಿಯನ್ನನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿ ಒರೆಸಿದರೆ ಕೆಸರು, ದೂಳು ಹೋಗುತ್ತವೆ. ಮಣ್ಣಿನ ಕೊಳೆಗೆ ಇಷ್ಟು ಸಾಕು.

ಮಾಡಿ ನೋಡಿ

ಅರಿಶಿನ ಪುಡಿಯನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಒಂದು ಕಡೆ ಬಟ್ಟೆಸೋಪಿನ ನೀರನ್ನು, ಇನ್ನೊಂದು ಕಡೆ ಬೇಬಿ ಶಾಂಪೂವಿನ ನೀರನ್ನು ಒಂದೊಂದು ಹನಿ ಹಾಕಿ. ಸೋಪಿನ ಹನಿ ಬಿದ್ದಲ್ಲಿ ಕಾಗದ ಕೆಂಪಾಗುತ್ತದೆ. ಶಾಂಪೂ ಬಿದ್ದಲ್ಲಿ ಸಾಮಾನ್ಯವಾಗಿ ಹಳದಿಯಾಗಿಯೇ ಉಳಿಯುತ್ತದೆ. ಯಾವುದು ಪ್ರತ್ಯಾಮ್ಲ?

ಎಚ್ಚರಿಕೆ: ಅರಿಶಿನ ಹೇಳುವುದು ಪ್ರತ್ಯಾಮ್ಲದ ಸುದ್ದಿಯನ್ನು ಮಾತ್ರ, ವಿಷದ ಸುದ್ದಿಯನ್ನಲ್ಲ. ಕಾಗದ ಹಳದಿಯಾಗಿ ಉಳಿಯಿತು ಎಂದ ಮಾತ್ರಕ್ಕೆ ಆ ವಸ್ತು ಬೆಕ್ಕಿಗೆ ಸುರಕ್ಷಿತ ಎನ್ನುವಂತಿಲ್ಲ.

ಕರಿ ಆಯಿಲ್ ಮೆತ್ತಿದ ಬೆಕ್ಕಿಗೆ ಏನು ಮಾಡಬೇಕು?

ಈ ಕೆಲಸ ದೊಡ್ಡವರದು. ನೀವು ಜೊತೆಗಿದ್ದು ನೆರವಾಗಿ.

1. ಬೆಕ್ಕು ಮೈ ನೆಕ್ಕದಂತೆ ದಪ್ಪ ಟವೆಲಿನಲ್ಲಿ ಸುತ್ತಿ ಹಿಡಿಯಿರಿ.
2. ಆಯಿಲ್ ಮೆತ್ತಿದ ಜಾಗಕ್ಕೆ ಅಡುಗೆ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿ. ಎಣ್ಣೆಯಲ್ಲಿ ಎಣ್ಣೆ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ.
3. ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿಗಳನ್ನು ಉಗುರು ಬೆಚ್ಚನೆಯ ನೀರಿನಲ್ಲಿ ಕಲಸಿ ಆ ಭಾಗವನ್ನಷ್ಟೇ ತೊಳೆಯಿರಿ. ಕಣ್ಣು, ಕಿವಿ, ಮೂಗಿಗೆ ನೀರು ಬೀಳಬಾರದು.
4. ಬರಿಯ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಕೂದಲು ಜಾರುವುದು ನಿಲ್ಲುವವರೆಗೆ ಬಿಡಬೇಡಿ.
5. ಚೆನ್ನಾಗಿ ಒರೆಸಿ, ಬೆಚ್ಚಗಿಡಿ. ಬೆಕ್ಕಿನ ದೇಹದ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಮಳೆಗಾಲದಲ್ಲಿ ಒದ್ದೆ ಮೈ ಬೇಗ ತಣ್ಣಗಾಗುತ್ತದೆ, ಮರಿಗಳಿಗೆ ಇದು ಇನ್ನೂ ಅಪಾಯ.

ಮೈತುಂಬ ಮೆತ್ತಿದ್ದರೆ, ಜೊಲ್ಲು ಸುರಿದರೆ, ನಡುಗಿದರೆ, ಅಥವಾ ಫಿನಾಯಿಲ್ ಬಿದ್ದಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ವಾಂತಿ ಮಾಡಿಸಲು ಹೋಗಬೇಡಿ. ಯಾವ ವಸ್ತು ತಾಗಿತ್ತೋ ಅದರ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಮುಚ್ಚಿಡಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಿ. ಬೆಕ್ಕಿನಿಂದಲೂ ರೇಬಿಸ್ ಬರಬಹುದು. ಬೀದಿಯ ಬೆಕ್ಕನ್ನು ನೀವಾಗಿ ಹಿಡಿಯಲು ಹೋಗಬೇಡಿ.

ಮಕ್ಕಳೇ, ಅಂದು ನನ್ನಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ತಿಳಿವಳಿಕೆಯ ಕೊರತೆ ಇತ್ತು. ನಮಗೆ ಒಳ್ಳೆಯದಾದದ್ದು ಎಲ್ಲ ಜೀವಿಗಳಿಗೂ ಒಳ್ಳೆಯದಲ್ಲ. ಈ ಒಂದು ಮಾತನ್ನು ಇಂದು ಸಂಜೆ ಮನೆಯಲ್ಲಿ ಹೇಳಿ.

ಯೋಚಿಸಿ, ಉತ್ತರಿಸಿ

1. ಫಿನಾಯಿಲಿನಿಂದ ಒರೆಸಿದ ನೆಲ ಒಣಗುವ ಮೊದಲೇ ಬೆಕ್ಕು ಅದರ ಮೇಲೆ ನಡೆಯಿತು. ಫಿನಾಯಿಲ್ ಅದರ ಹೊಟ್ಟೆಗೆ ಸೇರುವುದು ಹೇಗೆ?
2. ಕರಿ ಆಯಿಲನ್ನು ತೆಗೆಯಲು ಬರಿಯ ನೀರು ಏಕೆ ಸಾಲದು?
3. ನಿಮ್ಮ ಮನೆಯಲ್ಲಿರುವ ತೊಳೆಯುವ ವಸ್ತುಗಳ ಬಾಟಲಿಗಳ ಮೇಲಿನ ಬರಹವನ್ನು ದೊಡ್ಡವರ ಜೊತೆ ಓದಿ. ಬೆಕ್ಕಿಗೆ ಅಪಾಯವಾದವನ್ನು ಪಟ್ಟಿ ಮಾಡಿ, ತರಗತಿಯಲ್ಲಿ ಓದಿ ಹೇಳಿ.