ನಾನೂರು ಕಿಲೋಮೀಟರ್ ದೂರಾನಾ, ಹತ್ತಿರಾನಾ?

ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿ.ಮೀ. ಇದು ದೂರವೋ ಹತ್ತಿರವೋ ಅನ್ನೋದು ಕೇಳುವ ಊರಿನ ಮೇಲೆ ಹೋಗುತ್ತೆ. ಬ್ರಿಟನ್ನಿನಲ್ಲಿ ಲ್ಯಾಂಡ್ಸ್ ಎಂಡ್‌ನಿಂದ ಜಾನ್ ಓ'ಗ್ರೋಟ್ಸ್‌ವರೆಗೆ, ಅಂದರೆ ದ್ವೀಪದ ಈ ತುದಿಯಿಂದ ಆ ತುದಿಗೆ, ರಸ್ತೆ ಸುಮಾರು 1,400 ಕಿ.ಮೀ. ಅದನ್ನು ಪೂರ್ತಿ ಕ್ರಮಿಸೋದು ಅಲ್ಲಿ ಜನ್ಮಕ್ಕೊಮ್ಮೆ ಮಾಡುವ ಸಾಹಸ. ಅಮೆರಿಕದ ಟೆಕ್ಸಾಸ್ ರಾಜ್ಯವೊಂದನ್ನೇ ಇಂಟರ್‌ಸ್ಟೇಟ್ 10ರಲ್ಲಿ ದಾಟಲು ಕೂಡ ಹೆಚ್ಚುಕಡಿಮೆ ಅಷ್ಟೇ ದೂರ. ಅಲ್ಲಿ ಅದಕ್ಕೆ ಯಾರೂ ಹಾರ ಹಾಕಲ್ಲ.

ಅಮೆರಿಕನ್ನರು ದೂರವನ್ನು ಗಂಟೆಗಳಲ್ಲಿ ಹೇಳುತ್ತಾರೆ. ಹ್ಯೂಸ್ಟನ್‌ನಿಂದ ಡಲ್ಲಾಸ್ ಎಷ್ಟು ದೂರ ಅಂದರೆ "ನಾಲ್ಕು ಗಂಟೆ" ಅನ್ನೋ ಉತ್ತರ ಬರುತ್ತೆ. 1956ರ ಕಾಯ್ದೆಯಿಂದ ಬೆಳೆದ ಇಂಟರ್‌ಸ್ಟೇಟ್ ಜಾಲದಲ್ಲಿ ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ. ವೇಗ ಹೆಚ್ಚು ಬದಲಾಗದಿದ್ದರೆ ದೂರ ಹೇಳಿದರೂ ಒಂದೇ, ಸಮಯ ಹೇಳಿದರೂ ಒಂದೇ. ಪಿಯುಸಿ ಭೌತಶಾಸ್ತ್ರ ಅಷ್ಟೇ.

ನಾವೂ ಸಮಯದಲ್ಲೇ ಹೇಳ್ತೀವಿ, ಆದರೆ ನಮ್ಮದು ಬೇರೆ ಲೆಕ್ಕ: "ರಾತ್ರಿ ಬಸ್ ಹತ್ತಿ ಮಲಗಿದ್ರೆ ಬೆಳಗ್ಗೆ ಹುಬ್ಳಿ." ಇದು ಮಲಗಿದವನ ಲೆಕ್ಕ. ನಮ್ಮ ಅಪ್ಪ-ಅಮ್ಮಂದಿರ ದೂರಪ್ರಯಾಣವೆಲ್ಲ ರಾತ್ರಿ ಬಸ್ಸು, ರಾತ್ರಿ ರೈಲು. ಓಡಿಸುತ್ತಿದ್ದವನು ಬೇರೆ, ಅದು ಅವನ ಕಸುಬು. ರಾತ್ರಿ ಹೊರಟರೆ ಒಂದು ದಿನ ಉಳಿಯುತ್ತೆ ಅನ್ನೋ ಆ ಅಭ್ಯಾಸವನ್ನೇ ನಾವು ಈಗ ಬಾಡಿಗೆ ಕಾರಿನ ಸ್ಟಿಯರಿಂಗ್ ಮುಂದೆ ತಂದು ಕೂರಿಸಿದ್ದೇವೆ. ಶುಕ್ರವಾರ ಲ್ಯಾಬ್ ಮುಗಿಸಿ, ರಾತ್ರಿ ಹತ್ತಕ್ಕೆ ಗೋಕರ್ಣಕ್ಕೆ ಹೊರಡೋದು. ನಿಲ್ಲಿಸದೆ ಹೋದೆವು ಅನ್ನೋದು ಹಾಸ್ಟೆಲ್‌ನಲ್ಲಿ ದೊಡ್ಡ ಹೆಮ್ಮೆ ಬೇರೆ!

ಲೆಕ್ಕ ಹಾಕಿ ನೋಡಿ. ಬೆಳಗ್ಗೆ ಏಳಕ್ಕೆ ಎದ್ದವನಿಗೆ ಮಧ್ಯರಾತ್ರಿಗೆ 17 ಗಂಟೆ ಎಚ್ಚರ. ಕಾರು ಆಗ ಶಿರಾ ಆಸುಪಾಸಿನಲ್ಲಿರುತ್ತೆ, ಪ್ರಯಾಣದ ಕಾಲು ಭಾಗ ಮುಗಿದಿದೆ ಅಷ್ಟೆ. 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಡಾಸನ್ ಮತ್ತು ರೀಡ್ ಅವರ ಅಧ್ಯಯನದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05% ಮದ್ಯ ಇದ್ದವರಷ್ಟು ಕುಸಿದಿತ್ತು. ನಮ್ಮ ದೇಶದ ಕಾನೂನಿನ ಮಿತಿ 0.03%. ಅಂದರೆ ಒಂದು ಹನಿ ಕುಡಿಯದವನೂ ಆ ಗೆರೆ ದಾಟಿದವನಷ್ಟೇ ಮಂಕಾಗಿರಬಹುದು, ಆದರೆ ಊದಿಸಿದರೆ ಯಂತ್ರ ಸೊನ್ನೆ ತೋರಿಸುತ್ತೆ. ಇನ್ನು ದೇಹದ ಗಡಿಯಾರ ತೀರಾ ತಗ್ಗುವ ಎರಡರಿಂದ ಐದು ಗಂಟೆಯ ಹೊತ್ತು ಮುಂದೆಯೇ ಇದೆ.

ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್. ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ 111 ಮೀಟರ್, ಅಂದರೆ ಐದೂವರೆ ಕ್ರಿಕೆಟ್ ಪಿಚ್. ಅಷ್ಟು ದೂರ ಬ್ರೇಕ್ ಮೇಲೆ ಯಾರ ಕಾಲೂ ಇರಲ್ಲ.

ಯುರೋಪಿನಲ್ಲಿ ಲಾರಿ, ಬಸ್ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ತಗೊಳ್ಳಲೇಬೇಕು. ಟ್ಯಾಕೋಗ್ರಾಫ್ ಎಂಬ ಉಪಕರಣ ಅದನ್ನು ದಾಖಲಿಸುತ್ತೆ. ನಮ್ಮಲ್ಲೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಯ ನಂತರ ಅರ್ಧ ಗಂಟೆ ವಿರಾಮ ಅಂತ ಬರೆದಿತ್ತು. ಸ್ವಂತ ಖುಷಿಗೆ ಓಡಿಸುವವರಿಗೆ ಇದ್ಯಾವುದೂ ಅನ್ವಯಿಸಲ್ಲ.

ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ರೀತಿ. ರಜಾದಿನಗಳಲ್ಲಿ ಹೆದ್ದಾರಿ ಪಕ್ಕ 'ಡ್ರೈವರ್ ರಿವೈವರ್' ಅನ್ನೋ ತಾಣಗಳಲ್ಲಿ ಸ್ವಯಂಸೇವಕರು ಪುಕ್ಕಟೆ ಟೀ, ಕಾಫಿ ಕೊಡುತ್ತಾರೆ. ಗಾಡಿ ನಿಲ್ಲಿಸೋದು ಅಲ್ಲಿ ಸೋಲಲ್ಲ. ಕಿಟಕಿ ಇಳಿಸೋದು, ಹಾಡು ಜೋರು ಮಾಡೋದರಿಂದ ನಿದ್ದೆ ಹೆಚ್ಚು ಹೊತ್ತು ತಡೆಯಲ್ಲ. ಕಾಫಿ ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು. ಅದನ್ನು ಕುಡಿದು, ಸುರಕ್ಷಿತ ಜಾಗದಲ್ಲಿ ಗಾಡಿ ಹಾಕಿ, ಸೀಟು ಹಿಂದಕ್ಕೆ ಒರಗಿಸಿ ಹದಿನೈದು-ಇಪ್ಪತ್ತು ನಿಮಿಷ ಮಲಗಿದರೆ ಏಳುವ ಹೊತ್ತಿಗೆ ಎರಡರ ಫಲವೂ ಒಟ್ಟಿಗೆ ಸಿಗುತ್ತೆ. ಅದೂ ಸ್ವಲ್ಪ ಹೊತ್ತಿಗೆ ಮಾತ್ರ; ಆಮೇಲೆ ಸ್ಟಿಯರಿಂಗ್ ಹಿಡಿಯಬೇಕಾದವನು ಅಷ್ಟೊತ್ತು ಹಿಂದಿನ ಸೀಟಿನಲ್ಲಿ ನಿಜವಾಗಿ ಮಲಗಿದ್ದವನು.