ಬೇಸ್‌ಮೆಂಟ್ ಕಲಿಸಿದ ಪಾಠಗಳು

ಅಯೋವಾದಲ್ಲಿ ಮನೆ ಕೊಂಡವರು ಒಂದಲ್ಲ ಒಂದು ದಿನ ರೇಡಾನ್ ಎಂಬ ಹೆಸರನ್ನು ಕೇಳಿಯೇ ಕೇಳುತ್ತಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಈ ರಾಜ್ಯದ ಒಂದು ಕೌಂಟಿಯನ್ನೂ ಬಿಡದೆ ಹೆಚ್ಚು ಅಪಾಯದ ವಲಯಕ್ಕೆ ಸೇರಿಸಿದೆ. ಹಿಮನದಿಗಳು ತಂದು ಸುರಿದ ಇಲ್ಲಿನ ಮಣ್ಣಿನಲ್ಲಿ ಅಷ್ಟಿಷ್ಟು ಯುರೇನಿಯಂ ಇದೆ. ಅದು ಕ್ಷಯಿಸುತ್ತ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಬಣ್ಣ, ವಾಸನೆ ಎರಡೂ ಇಲ್ಲದ ಈ ಅನಿಲ 3.8 ದಿನಕ್ಕೆ ಅರ್ಧವಾಗುತ್ತದೆ. ಅಷ್ಟರೊಳಗೆ ಮನೆ ಹೊಕ್ಕರೆ, ಅದರಿಂದ ಹುಟ್ಟುವ ಪೊಲೋನಿಯಂ ನಮ್ಮ ಶ್ವಾಸಕೋಶದಲ್ಲಿ ಕೂತು ಆಲ್ಫಾ ಕಣಗಳನ್ನು ಹಾರಿಸುತ್ತದೆ.

ನಾನು ವಾರವಿಡೀ ಸಾಫ್ಟ್‌ವೇರ್ ಕೆಲಸದವನು. ಸ್ವಂತ ಮನೆಯ ಭಯದಿಂದ ಶುರುವಾದದ್ದು ಗೆಳೆಯರ ಮನೆಗಳಿಗೆ ಹಬ್ಬಿ, ಆಮೇಲೆ ಪರೀಕ್ಷೆ ಬರೆದು ಸರ್ಟಿಫಿಕೇಟ್ ತೆಗೆದುಕೊಂಡು ವಾರಾಂತ್ಯದಲ್ಲಿ ಅಳೆಯಲು ಹೋಗುವ ತನಕ ಬಂತು. ಕೆಳಗಿನದರಲ್ಲಿ ಬಹುಪಾಲು ಸರ್ಟಿಫಿಕೇಟಿನಲ್ಲಿ ಇರಲಿಲ್ಲ.

1. ಕಿಟಕಿ ತೆರೆದಿದ್ದ ಮನೆಯ ಸಂಖ್ಯೆಗೆ ಬೆಲೆಯಿಲ್ಲ

ಮೊದಮೊದಲು ಗೆಳೆಯನೊಬ್ಬನ ಬೇಸ್‌ಮೆಂಟಿನಲ್ಲಿ ಇದ್ದಿಲಿನ ಡಬ್ಬಿ ಇಟ್ಟು ಲ್ಯಾಬಿಗೆ ಕಳಿಸಿದೆ. ಸೆಪ್ಟೆಂಬರಿನ ಹಿತವಾದ ಹವೆ, ಕಿಟಕಿಗಳೆಲ್ಲ ತೆರೆದಿದ್ದವು. ಲೀಟರಿಗೆ 1.6 ಪಿಕೊಕ್ಯೂರಿ ಬಂತು. "ಆರಾಮಾಗಿರು ಮಾರಾಯಾ" ಎಂದೆ. ಜನವರಿಯಲ್ಲಿ ಅವನೇ ಇನ್ನೊಂದು ಡಬ್ಬಿ ತರಿಸಿ ಇಟ್ಟ. 9ರ ಮೇಲೆ ಹೋಗಿತ್ತು. ಪರೀಕ್ಷೆಗೆ 12 ಗಂಟೆ ಮೊದಲಿನಿಂದ ಹಿಡಿದು ಮುಗಿಯುವವರೆಗೂ ಕಿಟಕಿ, ಬಾಗಿಲು ಮುಚ್ಚಿರಬೇಕು, ಓಡಾಟಕ್ಕೆ ಬಾಗಿಲು ತೆಗೆದು ಹಾಕಿದರೆ ಪರವಾಗಿಲ್ಲ ಎಂದು ಡಬ್ಬಿಯ ಜೊತೆಗಿನ ಹಾಳೆಯಲ್ಲೇ ಅಚ್ಚಾಗಿತ್ತು. ನಾನು ಅದನ್ನು ಓದದೆ ಮಡಚಿ ಜೇಬಿಗಿಟ್ಟಿದ್ದೆ.

2. ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಹೇಳಿ, ಅಜ್ಜಿಗೆ ಮೊದಲು

ಇಲ್ಲಿನ ನಮ್ಮವರ ಮನೆಗಳಲ್ಲಿ ಬೇಸ್‌ಮೆಂಟ್ ಎಂದರೆ ಊರಿನಿಂದ ಆರು ತಿಂಗಳಿಗೆ ಬಂದ ಅಪ್ಪ ಅಮ್ಮನ ಕೋಣೆ. ಪಕ್ಕದಲ್ಲೇ ಪುಟ್ಟ ಒಲೆ, ಘಾಟಿನ ಅಡುಗೆಯೆಲ್ಲ ಅಲ್ಲೇ. ಅಂಥ ಒಂದು ಮನೆಯಲ್ಲಿ ಗಂಟೆಗಂಟೆಗೂ ಅಳೆಯುವ ಯಂತ್ರ ಇಟ್ಟು, ಮಗ ಸೊಸೆಗೆ ನಿಯಮವೆಲ್ಲ ವಿವರಿಸಿ ಬಂದಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಬೆಳಿಗ್ಗೆ ಸಂಜೆ ರೀಡಿಂಗ್ ದಬಕ್ಕೆಂದು ಕೆಳಗಿಳಿದಿದೆ. ಯಂತ್ರ ಕೆಟ್ಟಿದೆಯೆಂದೇ ತಿಳಿದು ಬೈದುಕೊಳ್ಳುತ್ತಿದ್ದಾಗ ಅಜ್ಜಿ ನಿರಾಳವಾಗಿ ಹೇಳಿದರು: "ಒಗ್ಗರಣೆ ಹಾಕುವಾಗ ಕಿಟಕಿ ತೆಗಿದೇ ಇದ್ರೆ ಹೊಗೆ ಎಲ್ಲಿಗಪ್ಪಾ ಹೋಗ್ಬೇಕು?" ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಉಸಿರಾಡುತ್ತಿದ್ದವರೂ ಅವರೇ.

3. 4 ಎನ್ನುವುದು ಪಾಸ್ ಮಾರ್ಕ್ ಅಲ್ಲ

ಲೀಟರಿಗೆ 4 ಪಿಕೊಕ್ಯೂರಿ ಇದ್ದರೆ ಸರಿಪಡಿಸಿ ಎನ್ನುತ್ತದೆ ಇಪಿಎ. 3.8 ಬಂದವರಿಗೆ ನಾನು ಬಹಳ ದಿನ ಅಭಿನಂದನೆ ಹೇಳುತ್ತಿದ್ದೆ. 2ರಿಂದ 4ರ ನಡುವೆ ಇದ್ದರೂ ಯೋಚಿಸಿ ಎಂದು ಅದೇ ಸಂಸ್ಥೆ ಹೇಳುತ್ತದೆ; ವಿಶ್ವ ಆರೋಗ್ಯ ಸಂಸ್ಥೆಯ ಘನ ಮೀಟರಿಗೆ 100 ಬೆಕರೆಲ್ ಮಟ್ಟವನ್ನು ಈ ಲೆಕ್ಕಕ್ಕೆ ತಂದರೆ 2.7 ಆಗುತ್ತದೆ. ಹಾಗೆಂದು ಸೊನ್ನೆಯ ಹಟವೂ ಬೇಡ. ಹೊರಗಿನ ಗಾಳಿಯಲ್ಲೇ ಸರಾಸರಿ 0.4 ಇರುತ್ತದೆ.

4. ಬಿರುಕು ಮುಚ್ಚುವುದು ಬೇರೆ, ಎಳೆತ ನಿಲ್ಲಿಸುವುದು ಬೇರೆ

ನನ್ನ ಮನೆಯಲ್ಲಿ 7 ದಾಟಿದಾಗ ಅಂಗಡಿಗೆ ಓಡಿ ಸೀಲೆಂಟ್ ಟ್ಯೂಬುಗಳನ್ನು ಬುಟ್ಟಿ ತುಂಬ ತಂದೆ. ಮಂಡಿಯೂರಿಕೊಂಡು ಕಾಂಕ್ರೀಟ್ ನೆಲದ ಪ್ರತಿ ಬಿರುಕು, ಗೋಡೆ ನೆಲ ಸೇರುವ ಸಂದು, ಪೈಪು ಬರುವ ತೂತು ಎಲ್ಲ ಮುಚ್ಚಿದೆ. ಸಂಪ್ ಗುಂಡಿಗೆ ಮರದ ಹಲಗೆ ಬಡಿದೆ. ಹೆಂಡತಿ ಫೋಟೋ ತೆಗೆದಳು. ಮತ್ತೆ ಅಳೆದರೆ 6 ಚಿಲ್ಲರೆ.

ಆಗ ಗೊತ್ತಾಯಿತು, ನಾನು ತೂತಿನ ಬಗ್ಗೆ ಯೋಚಿಸುತ್ತಿದ್ದೆ, ಒತ್ತಡದ ಬಗ್ಗೆ ಅಲ್ಲ. ಚಳಿಗಾಲದಲ್ಲಿ ಮನೆಯೊಳಗಿನ ಬಿಸಿ ಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಆ ಜಾಗ ತುಂಬಲು ಬೇಸ್‌ಮೆಂಟ್ ನೆಲದಡಿಯ ಗಾಳಿಯನ್ನು ಒಳಗೆಳೆಯುತ್ತದೆ. ಬಟ್ಟೆ ಒಣಗಿಸುವ ಡ್ರೈಯರ್, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಅದಕ್ಕೆ ಕೈ ಜೋಡಿಸುತ್ತವೆ. ಎಳೆತ ಇರುವ ತನಕ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಸಾಕು. ಆದ್ದರಿಂದ ಉಪಾಯ ತಿರುಗುಮುರುಗು: ಕಾಂಕ್ರೀಟಿಗೆ ತೂತು ಕೊರೆದು ಪಿವಿಸಿ ಪೈಪ್ ಇಳಿಸಿ, ಮೇಲೆ ಫ್ಯಾನ್ ಕೂರಿಸಿ, ಮನೆ ಎಳೆಯುವುದಕ್ಕಿಂತ ಜೋರಾಗಿ ನಾವೇ ನೆಲದಡಿಯಿಂದ ಎಳೆದು ಸೂರಿನ ಮೇಲೆ ಬಿಡುವುದು. ಸೀಲೆಂಟ್ ವ್ಯರ್ಥವಲ್ಲ, ಫ್ಯಾನಿನ ಎಳೆತ ಸೋರಿಹೋಗದಂತೆ ಅದು ಬೇಕು. ಆದರೆ ಅದು ಸಹಾಯಕ ಮಾತ್ರ.

ನನ್ನ ಮನೆಯಲ್ಲಿ ಒಂದು ತೂತು ಸಾಲಲಿಲ್ಲ ಎಂಬುದು ಬೇರೆ ಕಥೆ. ನೆಲದಡಿ ಜಲ್ಲಿಯಿದ್ದರೆ ಎಳೆತ ಮೂಲೆಮೂಲೆಗೂ ಹೋಗುತ್ತದೆ, ಜೇಡಿಮಣ್ಣಿದ್ದರೆ ಅಲ್ಲಲ್ಲೇ ಸಾಯುತ್ತದೆ. ಪೈಪ್ ಹಾಕಲು ಬಂದವರು ದೂರದ ಮೂಲೆಯಲ್ಲಿ ಬೆರಳಿನಷ್ಟು ತೂತು ಕೊರೆದು ಅಲ್ಲಿ ಹೊಗೆ ಹಿಡಿದು ನೋಡಬೇಕು ಎಂದರು. ಅವರ ಹೊಗೆಕಡ್ಡಿ ಮುಗಿದಿತ್ತು. ದೇವರ ಮನೆಯಿಂದ ಊದುಬತ್ತಿ ತಂದು ಕೊಟ್ಟೆ. ಫ್ಯಾನ್ ಓಡುತ್ತಿದ್ದರೂ ಹೊಗೆ ನೆಟ್ಟಗೆ ಮೇಲೇರಿತು. ಎರಡನೇ ಪೈಪಿನ ಖರ್ಚು ಅಲ್ಲಿಗೆ ಖಚಿತವಾಯಿತು.

5. ಪಕ್ಕದ ಮನೆಯವರನ್ನು ಕೇಳಿ ಪ್ರಯೋಜನವಿಲ್ಲ

ಮಣ್ಣು ಒಂದೇ ಆದರೂ ಎಳೆತ ಒಂದೇ ಅಲ್ಲ. ಒಂದೇ ಬಿಲ್ಡರ್ ಒಂದೇ ನಕ್ಷೆಯಲ್ಲಿ ಕಟ್ಟಿದ ಅಕ್ಕಪಕ್ಕದ ಎರಡು ಮನೆಗಳಲ್ಲಿ 2 ಮತ್ತು 11 ಬಂದದ್ದನ್ನು ನಾನೇ ನೋಡಿದ್ದೇನೆ. ಎರಡನೆಯವರನ್ನು ಅಳೆಸಬೇಡಿ ಎಂದು ತಡೆದಿದ್ದವನೂ ನಾನೇ.

6. ಬಾಗಿಲಲ್ಲೇ ನಿಂತು ಸಾವಿನ ಲೆಕ್ಕ ಹೇಳಬಾರದು

ರೇಡಾನ್‌ನಿಂದ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 21,000 ಜನ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆ ಎಂಬುದು ಇಪಿಎ ಅಂದಾಜು. ನಾನು ಇದನ್ನೇ ಮೊದಲ ಮಾತಾಗಿಸಿಕೊಂಡಿದ್ದೆ. ಬೆನ್ನಿಗೇ ಸ್ಟ್ಯಾನ್ಲಿ ವಾಟ್ರಸ್ ಕಥೆ: 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಈ ಎಂಜಿನಿಯರ್ ಬಂದರೆ ವಿಕಿರಣದ ಗಂಟೆ ಮೊಳಗುತ್ತಿತ್ತು, ಸ್ಥಾವರ ಆಗಿನ್ನೂ ವಿದ್ಯುತ್ ಉತ್ಪಾದಿಸುತ್ತಿರಲಿಲ್ಲ. ವಿಕಿರಣ ಬರುತ್ತಿದ್ದದ್ದು ಅವರ ಮನೆಯಿಂದ, ಅಲ್ಲಿ ಸುಮಾರು 2,700 ಪಿಕೊಕ್ಯೂರಿ ಇತ್ತು. ಒಮ್ಮೆ ಇದನ್ನೆಲ್ಲ ಒಪ್ಪಿಸಿ ಮುಗಿಸಿದಾಗ, 6 ಬಂದಿದ್ದ ಮನೆಯ ತಾಯಿಯೊಬ್ಬರು "ಹಾಗಾದ್ರೆ ಇವತ್ತು ರಾತ್ರಿ ಮಕ್ಕಳನ್ನ ಎಲ್ಲಿ ಮಲಗಿಸ್ಲಿ?" ಎಂದು ಅತ್ತರು. ಇದು ವರ್ಷಾನುಗಟ್ಟಲೆ ಉಸಿರಾಡಿದರೆ ಕೂಡುವ ಅಪಾಯ, ಇಂದಿನ ರಾತ್ರಿಯದಲ್ಲ ಎಂದು ಮೊದಲೇ ಹೇಳಬೇಕಿತ್ತು. ಈಗ ಸಂಖ್ಯೆ ಹೇಳಿದ ಉಸಿರಿನಲ್ಲೇ ಮುಂದೇನು ಮಾಡಬೇಕು ಎಂದೂ ಹೇಳುತ್ತೇನೆ. ಸಿಗರೇಟಿನ ವಿಷಯ ಮಾತ್ರ ತಪ್ಪದೆ ಕೇಳುತ್ತೇನೆ, ಗರಾಜಿನಲ್ಲಿ ಕದ್ದು ಸೇದುವ ಯಜಮಾನರಿಗೆ ಅದು ಇಷ್ಟವಾಗದಿದ್ದರೂ. ರೇಡಾನ್, ಸಿಗರೇಟು ಎರಡೂ ಸೇರಿದರೆ ಅಪಾಯ ಬಹಳ ಏರುತ್ತದೆ.

7. ಊರಿನ ಮನೆಯ ಬಗ್ಗೆ ಇಲ್ಲಿಂದಲೇ ತೀರ್ಪು ಕೊಡಬಾರದು

"ನಮ್ಮ ಮೈಸೂರಿನ ಮನೆ ಪೂರ್ತಿ ಗ್ರಾನೈಟು, ಗತಿಯೇನು?" ಎಂದು ಕೇಳುವವರಿದ್ದಾರೆ. ಕಲ್ಲು ನೋಡಿ ಹೆದರಿಸಿದ ದಿನಗಳೂ ಇದ್ದವು. ಆದರೆ ಅಲ್ಲಿ ನೆಲದಡಿಯ ಕೋಣೆ ಅಪರೂಪ, ಹೀಟರ್ ಹಾಕಿ ಬಾಗಿಲು ಜಡಿಯುವ ಚಳಿಗಾಲವಿಲ್ಲ, ಕಿಟಕಿಗಳು ದಿನವಿಡೀ ತೆರೆದಿರುತ್ತವೆ. ಎಳೆಯುವ ಶಕ್ತಿಯೇ ಕಡಿಮೆ. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದವರು ಅಲ್ಲಿನ ಮನೆಗಳಲ್ಲಿ ಅಳೆದು ಪ್ರಕಟಿಸಿದ್ದಾರೆ, ಅದನ್ನು ಓದಿ ಎನ್ನುತ್ತೇನೆ.

8. ಆ ಯು ಕೊಳವೆ ರೇಡಾನ್ ಅಳೆಯುವುದಿಲ್ಲ

ಪೈಪಿನ ಮೇಲೆ ಬಣ್ಣದ ದ್ರವ ತುಂಬಿದ ಯು ಆಕಾರದ ಕೊಳವೆ ಇರುತ್ತದೆ. ಗೆಳೆಯರೊಬ್ಬರು ವರ್ಷಗಟ್ಟಲೆ ಅದನ್ನು ನೋಡಿ "1.5 ಇದೆ ಸಾರ್, ಸೂಪರ್" ಎನ್ನುತ್ತಿದ್ದರು, ನಾನೂ ತಲೆಯಾಡಿಸುತ್ತಿದ್ದೆ. ಅದು ತೋರಿಸುವುದು ಫ್ಯಾನಿನ ಎಳೆತವನ್ನು. ಎರಡೂ ಕಡೆ ದ್ರವ ಸಮವಾಗಿದ್ದರೆ ಎಳೆತ ನಿಂತಿದೆ ಎಂದರ್ಥ. ರೇಡಾನ್ ತಿಳಿಯಬೇಕಾದರೆ ಪೈಪ್ ಹಾಕಿ 24 ಗಂಟೆ ಕಳೆದ ಮೇಲೆ, 30 ದಿನದೊಳಗೆ ಮತ್ತೆ ಅಳೆಯಬೇಕು, ಆಮೇಲೆ ಎರಡು ವರ್ಷಕ್ಕೊಮ್ಮೆ. ಅವರ ಫ್ಯಾನ್ ಯಾವಾಗ ಸತ್ತಿತೋ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಕೊಳವೆಯ ಮುಂದೆ ದಸರಾ ಗೊಂಬೆಗಳ ಪೆಟ್ಟಿಗೆ ಪೇರಿಸಿದ್ದರು. ನವರಾತ್ರಿಗೆ ಪೆಟ್ಟಿಗೆ ಇಳಿಸಿದಾಗ ದ್ರವ ಸಮವಾಗಿತ್ತು, ಅಳೆದರೆ 8. ಈಗ ನಾನು ಪೈಪಿನ ಮೇಲೆ ಮಾರ್ಕರಿನಲ್ಲಿ ಮುಂದಿನ ಟೆಸ್ಟಿನ ತಾರೀಖು ಬರೆದು, ಕೆಳಗೆ "ಇಲ್ಲಿ ಸಾಮಾನು ಇಡಬೇಡಿ" ಎಂದು ಕನ್ನಡದಲ್ಲೂ ಬರೆದು ಬರುತ್ತೇನೆ.